ಗಾಳಿ ಬರುವ ಕುರ್ಚಿ

ಏಪ್ರಿಲ್ ೨

ಮಗಳೇ,

ನಾನು ಮಲಗಿರುವ ಹೊತ್ತು ನೋಡಿ ನೀನು ಹೊರಟುಬಿಟ್ಟೆ. ಕಿವುಡಿ ಅಮ್ಮನಿಗೆ ಬಾಗಿಲ ಸದ್ದು ಕೇಳುವುದಿಲ್ಲ ಎಂಬುದು ನಿನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಎದುರುಮನೆಯ ಡ್ರೈವರ್ ಬಂದು, ನಿನ್ನನ್ನು ಬಸ್ಸಿಗೆ ಹತ್ತಿಸಿದ್ದು ತಾನೇ ಎಂದು ಕೈ ಬಾಯಿ ಎಲ್ಲ ಆಡಿಸಿ ತೋರಿಸಿದ. ಏನೋ ಘನಕಾರ್ಯ ಮಾಡಿದವನ ಹಾಗೆ ನಗುತ್ತಿದ್ದ. ಅವನ ತಲೆಗೆ ಎರಡು ಬಿಗಿಯಬೇಕು ಅನ್ನಿಸಿತು.

ಸಿಟ್ಟು ಇರಲಿ. ಈ ಹೊಸ ರೋಗದ ಲ್ಯಾಬಿಗೆ ಎಂದು ಹೋಗಿದ್ದೀಯ, ಹಿಂದಕ್ಕೆ ಕರೆಯುವುದಿಲ್ಲ. ನಾನೂ ಲ್ಯಾಬ್ ಟೆಕ್ನೀಷಿಯನ್ ಆಗಿಯೇ ಮುದುಕಿಯಾದವಳು. ರಕ್ತದ ಟ್ಯೂಬು ತಿರುಗಿಸುವ ಯಂತ್ರದ ಪಕ್ಕ ಕೂತು ಕೂತೇ ಕಿವಿ ಕಳೆದುಕೊಂಡವಳು. ಕೆಲಸ ಬಂದಾಗ ಹೋಗದೆ ಇರಲು ನಮ್ಮ ಜಾತಿಯವರಿಂದ ಆಗುವುದಿಲ್ಲ. ನಮ್ಮ ಜಾತಿ ಎಂದರೆ ಬಿಳಿ ಕೋಟಿನ ಜಾತಿ.

ಆದರೆ ನಾನು ಹೇಳುವಷ್ಟನ್ನು ಕೇಳು. ಕೈ ತೊಳೆ. ಬಾಗಿಲ ಹಿಡಿ, ಫೋನು, ಪೆನ್ನು, ಎಲ್ಲ ಒರೆಸು. ಹೊರಗಿನಿಂದ ಬಂದ ಯಾವ ಕಾಗದವನ್ನೂ ಬಂದ ದಿನ ಮುಟ್ಟಬೇಡ. ಒಂದು ಪೆಟ್ಟಿಗೆ ಇಡು. ಅದರೊಳಗೆ ಒಂದು ವಾರ ಬಿದ್ದಿರಲಿ, ಆಮೇಲೆ ಓದು. ನನ್ನ ಕಾಗದವೂ ಸೇರಿ. ಬರೆದವಳು ನಿನ್ನ ಅಮ್ಮ ಎಂದು ರೋಗಕ್ಕೆ ಗೊತ್ತಿರುವುದಿಲ್ಲ. ಇದೊಂದಕ್ಕೆ ವಿನಾಯಿತಿ, ಓದಿ ಮುಗಿಸಿ ಸೋಪು ಹಾಕಿ ಕೈ ತೊಳೆದುಕೋ.

ಮತ್ತೆ ಆ ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚ ಹಿಡಿಯಬೇಡ. ಗಾಳಿಗೆ ನಿನಗೆ ಬೇಗ ಶೀತ ಹಿಡಿಯುತ್ತದೆ. ಸಣ್ಣವಳಿದ್ದಾಗಿನಿಂದ ಹೇಳುತ್ತಲೇ ಇದ್ದೇನೆ, ನೀನು ಒಂದು ಸಲವೂ ಕೇಳಿದವಳಲ್ಲ.

ನಿನ್ನ ಕಿವುಡಿ ಅಮ್ಮ

*

ಏಪ್ರಿಲ್ ೧೪

ಅಮ್ಮಾ,

ಅಪ್ಪಣೆ ಪಾಲಿಸಲಾಗಿದೆ. ಬಾಗಿಲ ಹತ್ತಿರ ಒಂದು ಚಪ್ಪಲಿ ಪೆಟ್ಟಿಗೆ ಇಟ್ಟಿದ್ದೇನೆ. ಅದನ್ನು ನೋಡಿದ ವಾರ್ಡನ್ನು, "ಇದು ಒಳ್ಳೇ ಉಪಾಯ ಕಣ್ರೀ" ಎಂದು ಇಡೀ ಹಾಸ್ಟೆಲಿಗೇ ಕಾನೂನು ಮಾಡಿಬಿಟ್ಟರು. ಈಗ ಕೆಳಗಡೆ ದೊಡ್ಡ ರಟ್ಟಿನ ಪೆಟ್ಟಿಗೆ ಬಂದಿದೆ. ಬಂದ ಟಪಾಲು ದಿನಾಂಕ ಬರೆಸಿಕೊಂಡು ಅದರೊಳಗೆ ಒಂದು ವಾರ ಮಲಗುತ್ತದೆ. ನನ್ನ ಪಕ್ಕದ ರೂಮಿನವಳಿಗೆ ಅವಳ ಹುಡುಗ ಕಾಗದ ಬರೆಯುತ್ತಾನೆ. ಅವನು ಕ್ಷಮೆ ಕೇಳಿ ಬರೆದದ್ದು ಕೈಗೆ ಸಿಗುವ ಹೊತ್ತಿಗೆ ಇವರಿಬ್ಬರೂ ಫೋನಿನಲ್ಲಿ ಇನ್ನೆರಡು ಸಲ ಜಗಳ ಆಡಿ ಆಗಿರುತ್ತದೆ. ಅವಳು ನಿನಗೆ ದಿನಾ ಶಾಪ ಹಾಕುತ್ತಾಳೆ.

ಹೇಳದೆ ಬಂದದ್ದಕ್ಕೆ ಬೈದದ್ದು ಸರಿ. ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಬರುತ್ತಿರಲಿಲ್ಲ.

ನಮ್ಮ ಲ್ಯಾಬು ಮುಂಚೆ ಸಕ್ಕರೆ, ಮೂತ್ರ, ರಕ್ತದ ಗುಂಪು ನೋಡುತ್ತಿದ್ದ ಜಾಗ. ರಾತ್ರೋರಾತ್ರಿ ಈ ರೋಗದ ಲ್ಯಾಬ್ ಆಗಿದೆ. ತರಬೇತಿ ಒಂದೇ ದಿನ. ವಿಡಿಯೋ ತೋರಿಸಿದರು, ಪ್ರಮಾಣಪತ್ರ ಕೊಟ್ಟರು. ಮೊನ್ನೆ ಮೇಲಿನ ಕಚೇರಿಯಿಂದ ಒಂದು ಪ್ರಶ್ನೆಪತ್ರಿಕೆ ಬಂತು. ರೋಗ ಹೇಗೆ ಹರಡುತ್ತದೆ, ಗಂಟಲಿನ ದ್ರವದ ಟ್ಯೂಬನ್ನು ಎಲ್ಲಿ ತೆರೆಯಬೇಕು, ಮಾಸ್ಕು ಯಾವಾಗ ಬಿಚ್ಚಬೇಕು ಎಂಬಂಥವು. ನಮಗೆಷ್ಟು ಗೊತ್ತು ಎಂದು ಅಳೆಯುತ್ತಾರಂತೆ. ಸೋಡಕ್ಕ ಒಂದೊಂದೇ ಪ್ರಶ್ನೆ ಓದುತ್ತಾ ಹೋದರು, ನಾವೆಲ್ಲ ಶಾಲೆ ಮಕ್ಕಳ ಹಾಗೆ ಒಟ್ಟಿಗೇ ಉತ್ತರ ಕೂಗಿದೆವು. ಒಂದೂ ತಪ್ಪಿಲ್ಲ.

ಸೋಡಕ್ಕ ಯಾರು ಎಂದು ಹೇಳಲಿಲ್ಲ ಅಲ್ಲವಾ. ನನಗಿಂತ ಹಿರಿಯ ಟೆಕ್ನೀಷಿಯನ್. ಸೋಡಾಬುಡ್ಡಿ ಕನ್ನಡಕ, ಅದಕ್ಕೇ ಆ ಹೆಸರು. ತಾವೇ ಇಟ್ಟುಕೊಂಡದ್ದು, "ನೀವು ಹಿಂದೆ ಕರೆಯೋದನ್ನ ನಾನೇ ಮುಂದೆ ಕರ್ಕೊಂಡ್ರೆ ನಿಮಗೆ ತೊಂದರೆ ತಪ್ಪುತ್ತೆ" ಎನ್ನುತ್ತಾರೆ. ನಾನು ಟ್ಯೂಬು ತೆರೆಯುವವಳು, ಅವರು ದೂರದ ಮೇಜಿನಲ್ಲಿ ಕೂತು ನಂಬರ್ ಬರೆಯುವವರು. ಅಡಿಯಿಂದ ಮುಡಿವರೆಗೆ ಪ್ಲಾಸ್ಟಿಕ್ ಸೂಟು, ಫ್ಯಾನ್ ಹಾಕುವ ಹಾಗಿಲ್ಲ. ಅವರ ಕನ್ನಡಕಕ್ಕೆ ಮಂಜು ಕಟ್ಟಿ ಏನೂ ಕಾಣದೆ, "ಏಳೋ ಒಂದೋ ಹೇಳೇ ಮಾರಾಯ್ತಿ" ಎಂದು ನನ್ನನ್ನೇ ಕೇಳುತ್ತಾರೆ.

ನನ್ನ ಅದೃಷ್ಟ ನೋಡು, ಇಡೀ ಲ್ಯಾಬಿನಲ್ಲಿ ಗಾಳಿ ಬರುವ ಕುರ್ಚಿ ನನ್ನದೊಂದೇ. ಟ್ಯೂಬು ತೆರೆಯುವ ಹಳೆಯ ಸೇಫ್ಟಿ ಕ್ಯಾಬಿನೆಟ್ಟಿನ ಮೋಟಾರು ಸುಟ್ಟಿತ್ತಂತೆ. ನಮ್ಮ ಮುಖ್ಯಸ್ಥರು ಕೆಳಗಿನ ಕೋಣೆಯಿಂದ ಬೇರೊಂದನ್ನು ಹೊರಿಸಿ ತಂದು, 'ಸೇಫ್ಟಿ ಕ್ಯಾಬಿನೆಟ್' ಎಂದು ಚೀಟಿ ಅಂಟಿಸಿ ಕೊಟ್ಟಿದ್ದಾರೆ. ಅದರ ಮುಂದೆ ಕೂತರೆ ಮುಖಕ್ಕೆ ತಣ್ಣಗೆ ಗಾಳಿ ಬೀಸುತ್ತದೆ. ಮಂಜು ಕಟ್ಟುವುದಿಲ್ಲ, ಬೆವರು ಆರುತ್ತದೆ. ಸೋಡಕ್ಕ ದಿನಾ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಬಿಟ್ಟುಕೊಟ್ಟಿಲ್ಲ!

ಕಿಟಕಿ ಪಕ್ಕದ ಮಂಚವೇ ಸಿಕ್ಕಿದೆ. ಬೈಯಬೇಡ.

ನಿನ್ನ ಮಾತು ಕೇಳದ ಮಗಳು

*

ಏಪ್ರಿಲ್ ೨೧

ಮಗಳೇ,

ನಿನ್ನ ಕಾಗದ ಈಗ ಬಂತು. ಓದುತ್ತಾ ಗಾಳಿ ಎಂಬಲ್ಲಿಗೆ ಬಂದಾಗ ಎದ್ದು ನಿಂತೆ. ಕಿವುಡಿಗೆ ಫೋನು ಯಾಕೆ ಎಂದು ಮನೆಯಲ್ಲಿ ಇಟ್ಟಿಲ್ಲವಲ್ಲ, ಕಾಲಿಗೆ ಚಪ್ಪಲಿಯೂ ಇಲ್ಲದೆ ಎದುರುಮನೆಗೆ ಓಡಿದೆ. ಡ್ರೈವರ್ ಸದ್ಯ ಮನೆಯಲ್ಲೇ ಇದ್ದ. ಅವನ ಕೈಯಲ್ಲಿ ನಿನಗೆ ಫೋನ್ ಮಾಡಿಸಿ, ನಾನು ಹೇಳುತ್ತಾ ಹೋದೆ, ಅವನು ನಿನಗೆ ಹೇಳುತ್ತಾ ಹೋದ. ನೀನು ಸರಿ ಎಂದೆಯಂತೆ, ಆ ಜಾಗ ಬಿಡುತ್ತೇನೆ ಎಂದೆಯಂತೆ. ಹೆಬ್ಬೆರಳು ಎತ್ತಿ ತೋರಿಸಿದ. ಅಲ್ಲಿಯವರೆಗೆ ನನ್ನ ಜೀವ ಕೈಯಲ್ಲಿತ್ತು.

ಆದರೂ ಬರೆಯುತ್ತೇನೆ. ಫೋನಿನಲ್ಲಿ ಹೇಳಿದ್ದು ನಿನ್ನ ಮುಖ್ಯಸ್ಥರ ಮುಂದೆ ನಿಲ್ಲುವುದಿಲ್ಲ. ಈ ಕಾಗದ ಅವರಿಗೆ ತೋರಿಸು.

ಲ್ಯಾಬಿನಲ್ಲಿ ಗಾಜು, ಸ್ಟೀಲು, ಒಳಗೆ ದೀಪ, ಗುಂಯ್ ಎನ್ನುವ ಸದ್ದು ಇರುವ ಪೆಟ್ಟಿಗೆಗಳು ಎರಡು ಥರ. ಒಂದು ಸೇಫ್ಟಿ ಕ್ಯಾಬಿನೆಟ್. ಅದು ನಿನ್ನ ಕಡೆಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಇರುವುದು ನಿನ್ನ ಮುಖಕ್ಕೆ ಬರಬಾರದು ಎಂದೇ ಅದನ್ನು ಮಾಡಿರುವುದು. ಇನ್ನೊಂದು ಕ್ಲೀನ್ ಬೆಂಚ್. ಅದು ಹಿಂದಿನಿಂದ ಶುದ್ಧ ಗಾಳಿಯನ್ನು ಊದುತ್ತದೆ, ಊದಿದ್ದು ಕೂತವಳ ಮುಖಕ್ಕೆ ಬರುತ್ತದೆ. ಕ್ರಿಮಿ ಬೆಳೆಸಲು ಬೇಕಾದ ದ್ರಾವಣಕ್ಕೆ ನಮ್ಮ ಉಸಿರು ಬೀಳದಿರಲಿ ಎಂದು ಅದನ್ನು ಇಟ್ಟುಕೊಳ್ಳುವುದು. ಒಂದು ನಮ್ಮನ್ನು ಕಾಪಾಡುತ್ತದೆ, ಇನ್ನೊಂದು ಒಳಗಿನ ಸಾಮಾನನ್ನು ಕಾಪಾಡುತ್ತದೆ. ನೋಡಲು ಎರಡೂ ಅಕ್ಕತಂಗಿಯರ ಹಾಗೆ ಇರುತ್ತವೆ.

ನಿನ್ನದು ಕ್ಲೀನ್ ಬೆಂಚ್. ಸೇಫ್ಟಿ ಕ್ಯಾಬಿನೆಟ್ಟಿನ ಮುಂದೆ ಕೂತವಳ ಮುಖಕ್ಕೆ ಯಾವತ್ತೂ ತಣ್ಣಗೆ ಆಗುವುದಿಲ್ಲ. ನೀನು ಅದರ ಮುಂದೆ ರೋಗಿಗಳ ಟ್ಯೂಬು ತೆರೆಯುತ್ತಿದ್ದೀಯ. ಒಂದೊಂದು ಟ್ಯೂಬಿನ ರೋಗವೂ ನಿನ್ನ ಮೂಗಿಗೆ ಬರುತ್ತಿದೆ.

ಅನುಮಾನವಿದ್ದರೆ ಒಂದು ಎಳೆ ದಾರ ತೆಗೆದುಕೊಂಡು ಅದರ ಬಾಯಿಯ ಮುಂದೆ ಹಿಡಿ. ಯಾವ ಕಡೆ ಬಾಗುತ್ತದೆ ನೋಡು. ನೋಡಿದ ಮೇಲೆ ಅದರ ಪ್ಲಗ್ ಕಿತ್ತು, ಬಾಗಿಲು ಹಾಕಿ, ಯಾರೂ ಅದರ ಹತ್ತಿರ ಹೋಗದ ಹಾಗೆ ಮಾಡು. ಯಾರೂ, ಎಂದೆ.

ಗಂಟಲು ಕೆರೆದರೆ ಮುಚ್ಚಿಡಬೇಡ.

ಅಮ್ಮ

*

ಏಪ್ರಿಲ್ ೨೮

ಅಮ್ಮಾ,

ನಿನ್ನ ಕಾಗದ ನಿನ್ನೆ ಬಂದಿದೆ. ದಪ್ಪಗಿದೆ, ಭಾರೀ ಬೈಗುಳ ಇರಬೇಕು. ಕೆಳಗೆ ನಿನ್ನದೇ ಪೆಟ್ಟಿಗೆಯಲ್ಲಿ ಮಲಗಿದೆ. ತೆಗೆದುಕೊಡಿ ಎಂದು ವಾರ್ಡನ್ನನ್ನು ಕೇಳಿದರೆ, "ನಿಮ್ಮ ತಾಯಿ ಮಾಡಿದ ಕಾನೂನು, ನೀವೇ ಮುರಿದ್ರೆ ಹೇಗೆ?" ಎಂದು ನಕ್ಕರು. ಬರುವ ಸೋಮವಾರ ಅದಕ್ಕೆ ಬಿಡುಗಡೆ.

ಡ್ರೈವರ್ ಫೋನ್ ಮಾಡಿದ ದಿನ ನನಗೆ ನಕ್ಕು ನಕ್ಕು ಸಾಕಾಯಿತು. ಹಿಂದೆ ನಿನ್ನ ಕೂಗು, ಮುಂದೆ ಅವನ ಗಾಬರಿ. "ಅಮ್ಮ ಹೇಳ್ತಿದಾರೆ, ಮುಖಕ್ಕೆ ಗಾಳಿ ಬಡಿಯೋ ಕಡೆ ಕೂರಬೇಡ್ವಂತೆ. ಎದ್ದುಬಿಡಬೇಕಂತೆ. ಏನೋ ಪೆಟ್ಟಿಗೆ ಅಂತಾರೆ, ಬೆಂಚು ಅಂತಾರೆ, ನಂಗೊಂದೂ ತಿಳೀತಿಲ್ಲ ಕಣಮ್ಮ. ತುಂಬಾ ಹೆದರಿಬಿಟ್ಟಿದಾರೆ" ಎಂದ.

"ಶೀತ ಆಗುತ್ತೆ ಅಂತಾನಾ?" ಎಂದು ಕೇಳಿದೆ.

"ಹೂಂ, ಅದೇ ಇರಬೇಕು."

ಅಮ್ಮಾ, ಜಗತ್ತೆಲ್ಲ ಈ ರೋಗದಲ್ಲಿ ಹೊತ್ತಿ ಉರಿಯುತ್ತಿರುವಾಗ ನನಗೆ ಶೀತವಾದೀತು ಎಂದು ಬರಿಗಾಲಲ್ಲಿ ಓಡಿದವಳು ನೀನೊಬ್ಬಳೇ. ಮೊದಲು ನಗು ಬಂತು, ಆಮೇಲೆ ಯಾಕೋ ಅಳು ಬಂತು. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನಿನ್ನ ಮಾತು ಕೇಳೋಣ ಅನ್ನಿಸಿತು. ಮಾರನೆಯ ದಿನವೇ ಆ ಕುರ್ಚಿ ಬಿಟ್ಟೆ.

ಸೋಡಕ್ಕನಿಗೆ ಕೊಟ್ಟೆ, ಟ್ಯೂಬು ತೆರೆಯುವ ಕೆಲಸವನ್ನೂ ಸೇರಿಸಿ. ಆ ಸಂತೋಷ ನೀನು ನೋಡಬೇಕಿತ್ತು! ಕೂತು ಕಣ್ಣು ಮುಚ್ಚಿಕೊಂಡು, "ಆಹಾ, ಇದಪ್ಪಾ ಬಾಳು" ಎಂದರು. ಈಗ ಕನ್ನಡಕಕ್ಕೆ ಮಂಜಿಲ್ಲ, ನಂಬರು ಓದುವಾಗ ತಡವರಿಕೆ ಇಲ್ಲ. ಗಾಳಿ ಇನ್ನಷ್ಟು ತಾಗಲಿ ಎಂದು ಮುಖದ ಪ್ಲಾಸ್ಟಿಕ್ ಪರದೆಯನ್ನೂ ಆಗಾಗ ಮೇಲೆತ್ತುತ್ತಾರೆ. ನಾನು ಬರೆಯುವ ಮೇಜಿನಲ್ಲಿ ಬೆಂದು ಹೋಗುತ್ತಿದ್ದೇನೆ, ಎಲ್ಲ ನಿನ್ನಿಂದ.

ಈಗ ಸಮಾಧಾನವೇ?

ಒಂದೇ ಒಂದು ಸಲ ಮಾತು ಕೇಳಿದ ಮಗಳು

*

ಮೇ ೩

ಮಗಳೇ,

ನಿನ್ನ ಕಾಗದ ಓದಿದೆ. ಡ್ರೈವರ್ ಲೋಡು ಹಾಕಿಕೊಂಡು ಊರು ಬಿಟ್ಟಿದ್ದಾನೆ. ಔಷಧಿ ಅಂಗಡಿಯವನಿಂದ ಫೋನ್ ಮಾಡಿಸಿದೆ, ನೀನು ಎತ್ತಲಿಲ್ಲ. ಮತ್ತೆ ಮಾಡಿಸಿದೆ, ಎತ್ತಲಿಲ್ಲ. ನಿಮ್ಮ ಲ್ಯಾಬಿನ ನಂಬರು ಯಾವಾಗಲೂ ಬೇರೆ ಕರೆಯಲ್ಲಿದೆಯಂತೆ. ಅವನ ಕೈಯಲ್ಲಿ ನಿನಗೊಂದು ಸಂದೇಶ ಕಳಿಸಿದ್ದೇನೆ, ಇದನ್ನೂ ಕಳಿಸುತ್ತಿದ್ದೇನೆ. ಯಾವುದು ಮೊದಲು ಮುಟ್ಟುತ್ತದೋ ಮುಟ್ಟಲಿ.

ಶೀತ ಅಲ್ಲ. ಶೀತದ ಮಾತು ನಾನು ಆಡಲೇ ಇಲ್ಲ. ಪೆಟ್ಟಿಗೆ ಒಡೆದು ನನ್ನ ಕಾಗದ ಓದು. ಆ ಹೆಂಗಸನ್ನು ಆ ಕುರ್ಚಿಯಿಂದ ಎಬ್ಬಿಸು. ರಟ್ಟೆ ಹಿಡಿದು ಎಳೆದಾದರೂ ಎಬ್ಬಿಸು.

ಅಮ್ಮ

*

ಮೇ ೪

ಅಮ್ಮಾ,

ಇವತ್ತು ಸೋಮವಾರ. ಬೆಳಿಗ್ಗೆ ನಿನ್ನ ಕಾಗದ ಕೈಗೆ ಸಿಕ್ಕಿತು. ಮೆಟ್ಟಿಲ ಮೇಲೆ ನಿಂತೇ ಓದಿದೆ.

ಫೋನು ನೋಡಿದೆ. ನಿನ್ನೆಯಿಂದ ಗೊತ್ತಿಲ್ಲದ ನಂಬರಿನ ಕರೆಗಳು, ಒಂದು ಸಂದೇಶ. ನಮ್ಮ ನಂಬರುಗಳು ಹೊರಗೆ ಸಿಕ್ಕಿಬಿಟ್ಟಿವೆ, ರಿಪೋರ್ಟು ಕೇಳಿ ಹಗಲೂ ರಾತ್ರಿ ಯಾರ್ಯಾರೋ ಫೋನ್ ಮಾಡುತ್ತಾರೆ, ಅಳುತ್ತಾರೆ, ಬೈಯುತ್ತಾರೆ. ಗೊತ್ತಿಲ್ಲದ ನಂಬರನ್ನು ನಾವ್ಯಾರೂ ನೋಡುವುದನ್ನೇ ಬಿಟ್ಟಿದ್ದೇವೆ.

ಲ್ಯಾಬಿಗೆ ಓಡಿದೆ. ನನ್ನ ಕೋಟಿನ ತೋಳಿನಿಂದ ಒಂದು ಎಳೆ ಕಿತ್ತು ಅದರ ಮುಂದೆ ಹಿಡಿದೆ. ನೆಟ್ಟಗೆ ನನ್ನ ಮುಖದ ಕಡೆಗೆ ಬಂತು. ಇಷ್ಟು ದಿನ ನಾನು ಅದನ್ನೇ ಅದೃಷ್ಟ ಎಂದುಕೊಂಡಿದ್ದೆ.

ಸೋಡಕ್ಕನ ಕುರ್ಚಿ ಖಾಲಿ ಇತ್ತು. ನಿನ್ನೆ ಸಂಜೆಯಿಂದ ಜ್ವರವಂತೆ. ಅವರ ಗಂಟಲಿನ ದ್ರವದ ಟ್ಯೂಬನ್ನು ಗಂಡನೇ ತಂದುಕೊಟ್ಟು ಹೋಗಿದ್ದರು.

ಮುಖ್ಯಸ್ಥರಿಗೆ ದಾರ ತೋರಿಸಿದೆ, ನಿನ್ನ ಕಾಗದ ತೋರಿಸಿದೆ. ಅವರು ಕೆಟ್ಟವರಲ್ಲ ಅಮ್ಮ. ಮನೆಗೆ ಹೋಗದೆ ಆಫೀಸಿನಲ್ಲೇ ಮಲಗುತ್ತಿದ್ದಾರೆ. "ಎರಡೂ ಒಂದೇ ಅಲ್ವೇನ್ರೀ?" ಎಂದರು. ಆಮೇಲೆ ತಾವೇ ದಾರ ಹಿಡಿದು ನೋಡಿದರು. ಇನ್ನೊಂದು ಸಲ ಹಿಡಿದು ನೋಡಿದರು. ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು. ಚೀಟಿಯನ್ನೂ ಕೀಳಲು ನೋಡಿದರು, ಅದು ಅರ್ಧ ಮಾತ್ರ ಬಂತು.

ಆ ಪ್ರಶ್ನೆಪತ್ರಿಕೆಯಲ್ಲಿ "ಟ್ಯೂಬನ್ನು ಸೇಫ್ಟಿ ಕ್ಯಾಬಿನೆಟ್ಟಿನಲ್ಲೇ ತೆರೆಯುತ್ತೀರಾ?" ಎಂದಿತ್ತು. ಹೌದು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು.

ಬೇರೆ ಆಸ್ಪತ್ರೆಯ ಲ್ಯಾಬಿನಲ್ಲಿ ಸರಿಯಾದ ಕ್ಯಾಬಿನೆಟ್ ಇದೆ. ನಮ್ಮ ಟ್ಯೂಬುಗಳನ್ನು ಹೊತ್ತುಕೊಂಡು ಅಲ್ಲಿಗೆ ಹೋದೆವು. ಸೋಡಕ್ಕನ ಟ್ಯೂಬನ್ನು ನಾನೇ ತೆರೆದೆ. ರೋಗವಿದ್ದರೆ ಯಂತ್ರದಲ್ಲೊಂದು ಗೆರೆ ಮೇಲೇರುತ್ತದೆ, ಅದು ಏರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇದೆ.

ನನ್ನದನ್ನೂ ನೋಡಿದೆ. ಇಲ್ಲ. ನಾಳೆ ಮತ್ತೆ ನೋಡುತ್ತೇನೆ.

ನಾನು

*

ಮೇ ೨೯

ಅಮ್ಮಾ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ನನಗೆ ಇನ್ನೂ ಏನೂ ಆಗಿಲ್ಲ, ಆಗುವ ಕಾಲವೂ ಕಳೆಯಿತು ಎನ್ನುತ್ತಾರೆ ಡಾಕ್ಟರು. ಆ ಕುರ್ಚಿಯಲ್ಲಿ ಸೋಡಕ್ಕ ಕೂತದ್ದಕ್ಕಿಂತ ಹೆಚ್ಚು ದಿನ ನಾನು ಕೂತಿದ್ದೆ. ಪರದೆ ಎತ್ತುತ್ತಿರಲಿಲ್ಲ, ಅದಕ್ಕಿರಬಹುದು. ನನ್ನ ಕಾಲದ ಟ್ಯೂಬುಗಳಲ್ಲಿ ರೋಗ ಕಡಿಮೆ ಇತ್ತು, ಅದಕ್ಕೂ ಇರಬಹುದು. ಯಾರಿಗೂ ಗೊತ್ತಿಲ್ಲ.

ಸೋಡಕ್ಕ ಮೊನ್ನೆ ಹೋದರು.

ನಮ್ಮನ್ನು ಯಾರನ್ನೂ ಹತ್ತಿರ ಬಿಡಲಿಲ್ಲ. ನರ್ಸು ಹೇಳಿದರು, ಕೊನೆಯಲ್ಲಿ ಕನ್ನಡಕ ಬೇಕು ಎಂದು ಸನ್ನೆ ಮಾಡುತ್ತಿದ್ದರಂತೆ. ಉಸಿರಿನ ಮುಖವಾಡದ ಮೇಲೆ ಅದನ್ನು ಹಾಕಲು ಆಗಲಿಲ್ಲವಂತೆ. ನಾನು ಆ ನರ್ಸಿನ ಮೇಲೆ ಕಿರುಚಾಡಿದೆ. ಪಾಪ, ಅವರದೇನು ತಪ್ಪು.

ಇವತ್ತು ಅವರ ಗಂಡ ಲಾಕರಿನಲ್ಲಿದ್ದ ಸಾಮಾನು ಒಯ್ಯಲು ಬಂದಿದ್ದರು. ಒಂದು ಬಾಚಣಿಗೆ, ಒಂದು ಸ್ವೆಟರು, ಹಳೆಯ ಕನ್ನಡಕ ಒಂದು. ನಾನೇ ಚೀಲಕ್ಕೆ ತುಂಬಿಕೊಟ್ಟೆ. ಅವರು ಹೋಗುವ ಮುಂಚೆ ನಿಂತು, "ನೀವೇ ಅಲ್ವಾ ಅವಳಿಗೆ ಜಾಗ ಬಿಟ್ಕೊಟ್ಟಿದ್ದು?" ಎಂದು ಕೇಳಿದರು.

ಹೂಂ ಎಂದೆ.

"ಮನೆಗೆ ಬಂದಾಗೆಲ್ಲ ಅದೇ ಮಾತು. ಗಾಳಿ ಬರೋ ಕುರ್ಚಿ ಸಿಕ್ಕಿದೆ, ಆ ಹುಡುಗಿ ತನಗಿರಲಿ ಅಂತ ನೋಡದೆ ನಂಗೆ ಕೊಟ್ಟಳು ಅಂತಿದ್ಲು. ಕೊನೇ ದಿನಗಳಲ್ಲಿ ಅಷ್ಟಾದ್ರೂ ಸುಖ ಕೊಟ್ರಲ್ಲ, ನಿಮ್ಮ ಉಪಕಾರ ಮರೆಯಲ್ಲಮ್ಮ" ಎಂದು ಕೈ ಮುಗಿದರು.

ಕೈ ಮುಗಿದರು ಅಮ್ಮ. ನಾನು ಬಾಯಿ ಬಿಡಲಿಲ್ಲ. ಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ಚೀಲ ತೆಗೆದುಕೊಂಡು ಗೇಟು ದಾಟಿದ್ದರು.

ಮೇಲಿನ ಕಚೇರಿಯ ಪ್ರಶ್ನೆಪತ್ರಿಕೆಯ ಫಲಿತಾಂಶ ಬಂದಿದೆ. ನಮ್ಮ ಲ್ಯಾಬಿಗೆ ತಿಳಿವಳಿಕೆಯಲ್ಲಿ ಅತ್ಯುತ್ತಮ, ನಿಯಮ ಪಾಲನೆಯಲ್ಲೂ ಅತ್ಯುತ್ತಮ. ಅದನ್ನು ಯಾರೋ ನೋಟಿಸ್ ಬೋರ್ಡಿಗೆ ಚುಚ್ಚಿದ್ದರು, ಸೋಡಕ್ಕನ ಫೋಟೋದ ಪಕ್ಕದಲ್ಲೇ. ನಾನು ಕಿತ್ತು ಹರಿದೆ. ಮುಖ್ಯಸ್ಥರೇ ಬಗ್ಗಿ ಚೂರುಗಳನ್ನು ಹೆಕ್ಕಿದರು.

ಮುಂದಿನ ತಿಂಗಳು ಹೊಸ ಕ್ಯಾಬಿನೆಟ್ ಬರುತ್ತದಂತೆ. ತೆರೆಯುವವಳು ಮತ್ತೆ ನಾನೇ.

ನೀನು ಹೇಳಿದ್ದನ್ನು ಜೀವಮಾನದಲ್ಲಿ ಒಂದು ಸಲ ಕೇಳಿದೆ. ನಾನು ಉಳಿದೆ, ಅವರು ಹೋದರು. ನಿನ್ನ ಮೇಲೆ ಸಿಟ್ಟು ಬರುತ್ತದೆ. ಬರಬಾರದು ಎಂದು ಗೊತ್ತು, ಆದರೂ ಬರುತ್ತದೆ. ಅವರ ಗಂಡನಿಗೆ ನಾನೇನು ಹೇಳಲಿ? ಅದೊಂದಕ್ಕೆ ಉತ್ತರ ಬರೆ, ಬೇರೆ ಏನೂ ಬೇಡ.

ನಾನು

*

ಜೂನ್ ೫

ಮಗಳೇ,

ನಿನ್ನ ಕಾಗದ ಬಂದ ಕೂಡಲೇ ಒಡೆದೆ. ನನ್ನ ಮನೆಯಲ್ಲಿ ಪೆಟ್ಟಿಗೆ ಯಾವತ್ತೂ ಇರಲಿಲ್ಲ. ನಿನ್ನ ಅಕ್ಷರ ಕಂಡರೆ ಒಂದು ಗಳಿಗೆ ತಡೆಯಲು ನನ್ನಿಂದ ಆಗುತ್ತಿರಲಿಲ್ಲ. ವಾರ ಕಾಯುವ ನಿಯಮ ನಿನಗೆ ಮಾತ್ರ ಮಾಡಿದ್ದು. ಈ ರೋಗವೂ ಕೈಯಿಂದಲೇ ಬರುತ್ತದೆ ಎಂದುಕೊಂಡಿದ್ದೆ. ಗಾಳಿಯ ವಿಷಯ ಅಷ್ಟು ಗೊತ್ತಿದ್ದವಳು ಕಾಗದಕ್ಕೆ ಹೆದರಿದೆ ನೋಡು.

ಬರೆಯಬಾರದ್ದೊಂದನ್ನು ಬರೆಯುತ್ತೇನೆ. ಅವರು ಹೋದರು ಎಂದು ಓದಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಸದ್ಯ ನೀನಲ್ಲವಲ್ಲ ಅನ್ನಿಸಿತು, ಎದೆ ಹಗುರಾಯಿತು. ಅದು ಹಗುರಾದದ್ದು ಗೊತ್ತಾದ ಮೇಲೆ ಬಚ್ಚಲಿಗೆ ಹೋಗಿ ಕೂತು ಅತ್ತೆ. ಇವತ್ತಿಗೂ ಯಾರಾದರೂ ಕೇಳಿದರೆ, ನೀನು ಉಳಿದದ್ದೇ ನನಗೆ ಸಂತೋಷ ಎಂದೇ ಹೇಳುತ್ತೇನೆ. ನನ್ನ ಮೇಲೆ ಸಿಟ್ಟು ಮಾಡಿಕೋ. ಎಷ್ಟು ಬೇಕಾದರೂ ಮಾಡಿಕೋ, ನನಗೆ ಅದು ಬೇಕಾಗಿದೆ.

ಅವರ ಗಂಡನಿಗೆ ನಿಜ ಹೇಳು. ಮನೆಗೆ ಹೋಗಿ, ಎದುರು ಕೂತು ಹೇಳು. ಯಾವ ಪೆಟ್ಟಿಗೆ, ಯಾವ ಕಡೆ ಗಾಳಿ, ಯಾರು ಚೀಟಿ ಅಂಟಿಸಿದರು, ಯಾರ ಕಾಗದ ಎಲ್ಲಿ ಮಲಗಿತ್ತು, ಎಲ್ಲ ಹೇಳು. ಅವರು ಬೈದರೆ ಬೈಸಿಕೋ. ನಿನ್ನ ಮುಖ ನೋಡುವುದಿಲ್ಲ ಎಂದರೆ ಎದ್ದು ಬಾ. ಅವರು ಮುಗಿದ ಕೈಯನ್ನು ನೀನು ಇಟ್ಟುಕೊಳ್ಳುವ ಹಾಗಿಲ್ಲ. ನಾನೂ ಅವರಿಗೆ ಬೇರೆ ಬರೆಯುತ್ತಿದ್ದೇನೆ, ಪೆಟ್ಟಿಗೆಯ ಕಾನೂನು ನನ್ನದು ಎಂದು. ವಿಳಾಸ ಕಳಿಸು.

ನನ್ನ ಹಳೆಯ ಬಿಳಿ ಕೋಟಿನ ಅಂಚು ಬಿಚ್ಚಿ ಒಂದು ದಾರ ತೆಗೆದು ಇದರ ಜೊತೆ ಇಟ್ಟಿದ್ದೇನೆ. ಹೊಸ ಕ್ಯಾಬಿನೆಟ್ ಬಂದ ಮೇಲೆ ಅದರ ಮೇಲಿನ ಚೀಟಿ ಓದಬೇಡ. ಮುಖ್ಯಸ್ಥರನ್ನು ಕೇಳಬೇಡ, ನನ್ನನ್ನೂ ಕೇಳಬೇಡ. ದಿನಾ ಕೂರುವ ಮುಂಚೆ ದಾರ ಹಿಡಿದು ನೋಡು. ಒಳಕ್ಕೆ ಬಾಗಿದರೆ ಕೂತುಕೋ. ನಿನ್ನ ಕಡೆ ಬಾಗಿದರೆ ಏಳು. ಏಳುವಾಗ ಆ ಕುರ್ಚಿಯನ್ನೂ ಜೊತೆಗೆ ಎತ್ತಿಕೊಂಡು ಹೋಗು.

ಅಮ್ಮ